ನಮ್ಮ ಸಾಫ್ಟ್‌ವೇರ್, ನಮ್ಮ ಸರ್ವರ್: ಲಿನಕ್ಸ್ ಪ್ಯಾಕೇಜು ಯಾವುದನ್ನು ಆರಿಸಬೇಕು?

ಕೊಡಗಿನ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು. ತೋಟದ ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ‘2-05’ ಎಂದು ಬರೆದರೆ ಎರಡು ಇಂಚು ಐದು ಸೆಂಟು ಎಂದರ್ಥ. ನಾನು ಬರೆದ ತೋಟದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಒಂದು ತಪ್ಪಿತ್ತು. ಯಾರಾದರೂ ಸೊನ್ನೆ ಬಿಟ್ಟು ‘2-5’ ಎಂದು ಹಾಕಿದರೆ ಅದು ಎರಡೂವರೆ ಇಂಚು ಎಂದುಕೊಳ್ಳುತ್ತಿತ್ತು. 52 ಮಿ.ಮೀ. ಮಳೆ 63.5 ಮಿ.ಮೀ. ಆಗಿ ದಾಖಲಾಗುತ್ತಿತ್ತು. ತಪ್ಪು ತಿದ್ದಲು ಹತ್ತು ನಿಮಿಷ ಸಾಕಾಯಿತು. ತಿದ್ದಿದ್ದು ಎಲ್ಲ ತೋಟಗಳಿಗೆ ಮುಟ್ಟಲು ಮೂರು ವಾರ ಹಿಡಿಯಿತು.

ಜುಲೈ ತಿಂಗಳು. ಪೆನ್‌ಡ್ರೈವ್ ಹಿಡಿದುಕೊಂಡು ಸೋಮವಾರಪೇಟೆ ಕಡೆ ಒಂದು ದಿನ, ವಿರಾಜಪೇಟೆ, ಪೊನ್ನಂಪೇಟೆ ಕಡೆ ಎರಡು ದಿನ ಓಡಾಡಿದೆ. ಭಾಗಮಂಡಲದ ದಾರಿಯಲ್ಲಿ ಮರ ಬಿದ್ದಿತ್ತು, ಅರ್ಧದಿಂದ ವಾಪಸು ಬಂದೆ. ಫೋನಿನಲ್ಲಿ ಹೇಳಿ ಮಾಡಿಸೋಣವೆಂದರೆ ಕರೆಂಟು ಇದ್ದಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಬಂದಾಗ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇಲ್ಲ. ಆಗ ನಾನು ಹಂಚುತ್ತಿದ್ದದ್ದು ಒಂದು ಟಾರ್ ಕಡತ (ಹಲವು ಕಡತಗಳನ್ನು ಒಂದಾಗಿ ಕಟ್ಟಿದ್ದು), ಜೊತೆಗೆ ಒಂದು ಇನ್‌ಸ್ಟಾಲ್ ಸ್ಕ್ರಿಪ್ಟು, ಅಷ್ಟೇ. ಯಾವ ತೋಟದಲ್ಲಿ ಯಾವ ಆವೃತ್ತಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ಮಳೆಗಾಲದ ನಂತರ ನಾನು, ಲಿನಕ್ಸಿನಲ್ಲಿ ಸಾಫ್ಟ್‌ವೇರನ್ನು ಪ್ಯಾಕೇಜಾಗಿ, ಅಂದರೆ ಯಂತ್ರಕ್ಕೆ ಹಾಕಲು ಸಿದ್ಧವಾದ ಕಟ್ಟಾಗಿ, ಹಂಚುವ ಒಂದೊಂದೇ ವಿಧಾನವನ್ನು ನಿಜವಾದ ಯಂತ್ರಗಳ ಮೇಲೆ ಹಾಕಿ ನೋಡಿದೆ. ಸುಮಾರು ಮೂವತ್ತು ಯಂತ್ರಗಳು: ಹಳೆಯ ಲ್ಯಾಪ್‌ಟಾಪುಗಳು, ಕಣದ ಪಕ್ಕದ ಕೋಣೆಯಲ್ಲಿ ತೂಕದ ಯಂತ್ರಕ್ಕೆ ಜೋಡಿಸಿದ ರಾಸ್ಪ್‌ಬೆರಿ ಪೈಗಳು, ಮಡಿಕೇರಿಯಲ್ಲಿ ಒಂದು ಸಣ್ಣ ಸರ್ವರ್. ಅದರಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮದು ಸಹಕಾರ ಸಂಘದ ಲೆಕ್ಕವೋ ಹೋಂಸ್ಟೇಯ ಬುಕಿಂಗೋ ಶಾಲೆಯ ಹಾಜರಿಯೋ ಇರಬಹುದು. ಸ್ವಂತ ಸಾಫ್ಟ್‌ವೇರನ್ನು ಸ್ವಂತ ಸರ್ವರಿನಿಂದ ಹಂಚುವವರ ಕಷ್ಟ ಎಲ್ಲ ಕಡೆ ಒಂದೇ.

ಮೊದಲ ಸಲ ಹಾಕುವುದು ಯಾವ ವಿಧಾನದಲ್ಲೂ ಕಷ್ಟವಲ್ಲ, ಏಕೆಂದರೆ ಆಗ ನೀವು ಯಂತ್ರದ ಎದುರಿಗೇ ಕೂತಿರುತ್ತೀರಿ. ಎರಡನೆಯ ಆವೃತ್ತಿ ನೀವಿಲ್ಲದಾಗ ಹೇಗೆ ಹೋಗುತ್ತದೆ, ಅದು ಕೆಟ್ಟರೆ ಹಳೆಯದಕ್ಕೆ ಹೇಗೆ ಮರಳುತ್ತೀರಿ, ಎಂಬುದನ್ನು ನೋಡಿ ಪ್ಯಾಕೇಜು ಆರಿಸಿ. ಉಳಿದ ಗುಣಾವಗುಣಗಳೆಲ್ಲ ಇದರ ಹಿಂದೆ ಬರಲಿ.

ಮೊದಲು ಯಂತ್ರಗಳನ್ನು ತಿಳಿದುಕೊಳ್ಳಿ

ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಯಂತ್ರದಲ್ಲಿ ಯಾವ ಲಿನಕ್ಸ್, ಎಷ್ಟನೆಯ ಆವೃತ್ತಿ, ಪ್ರೊಸೆಸರ್ ಯಾವ ಜಾತಿ, ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ ಇದೆ, ನೆಟ್ ಯಾವಾಗ ಸಿಗುತ್ತದೆ. ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ಸದಾ ಓಡುವ ಸೇವೆಯೋ ಅಥವಾ ಐಕಾನ್ ಒತ್ತಿ ತೆರೆಯುವ ಕಿಟಕಿಯೋ ಎಂಬುದನ್ನೂ ಬರೆಯಿರಿ. ಪ್ರಿಂಟರ್, ತೂಕದ ಯಂತ್ರ, ಬಾರ್‌ಕೋಡ್ ಓದುವ ಸಾಧನ ಇದ್ದರೆ ಅದಂತೂ ಖಂಡಿತ ಹಾಳೆಯಲ್ಲಿರಬೇಕು. ಅನೇಕ ಆಯ್ಕೆಗಳು ಬಿದ್ದುಹೋಗುವುದು ಅಲ್ಲಿಯೇ.

ನನ್ನ ಹಾಳೆಯಲ್ಲಿ ಕಂಡದ್ದು: ಡೆಬಿಯನ್ 11, ಡೆಬಿಯನ್ 12, ಉಬುಂಟು 20.04 ಮತ್ತು 22.04, ಒಂದೆರಡು ಮಿಂಟ್, ಪೈಗಳಲ್ಲಿ ರಾಸ್ಪ್‌ಬೆರಿ ಪೈ ಓಎಸ್. ಹೆಸರು ಬೇರೆಯಾದರೂ ಎಲ್ಲ ಡೆಬಿಯನ್ ಮನೆತನವೇ. ನನ್ನ ಅರ್ಧ ತೀರ್ಮಾನ ಅಲ್ಲಿಗೇ ಆಗಿಹೋಯಿತು.

ಯಾವುದನ್ನೇ ಆರಿಸಿ, ಗ್ಲಿಬ್‌ಸಿ ಬಿಡುವುದಿಲ್ಲ

ವಿಧಾನಗಳಿಗೆ ಹೋಗುವ ಮೊದಲು ಇದೊಂದು ಮಾತು. ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಸಿ ಅಥವಾ ರಸ್ಟ್ ಪ್ರೋಗ್ರಾಮನ್ನು ಕಂಪೈಲ್ ಮಾಡಿ ಹಳೆಯ ಯಂತ್ರಕ್ಕೆ ಕೊಂಡೊಯ್ದರೆ ಬರುವ ಮೊದಲ ದೂರು: ‘ಗ್ಲಿಬ್‌ಸಿ 2.34 ಸಿಗಲಿಲ್ಲ’. ಗ್ಲಿಬ್‌ಸಿ ಎಂದರೆ ಲಿನಕ್ಸಿನ ಬಹುಪಾಲು ಪ್ರೋಗ್ರಾಮುಗಳು ನಿಂತಿರುವ ಸಿ ಲೈಬ್ರರಿ. ಅದರ ಹೊಸ ಆವೃತ್ತಿ ಹಳೆಯ ಪ್ರೋಗ್ರಾಮನ್ನು ಓಡಿಸುತ್ತದೆ. ಹಳೆಯ ಆವೃತ್ತಿ ಹೊಸ ಪ್ರೋಗ್ರಾಮನ್ನು ಓಡಿಸುವುದಿಲ್ಲ. ಡೆಬಿಯನ್ 11 ಮತ್ತು ಉಬುಂಟು 20.04ರಲ್ಲಿ ಇರುವುದು 2.31. ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ಥ್ರೆಡ್ ಲೈಬ್ರರಿಯನ್ನು 2.34ರಲ್ಲಿ ಮುಖ್ಯ ಲೈಬ್ರರಿಗೇ ಸೇರಿಸಿದರು. ಪ್ರೋಗ್ರಾಮ್ ಶುರುವಾಗುವ ಜಾಗಕ್ಕೂ ಅದೇ ಆವೃತ್ತಿಯ ಮುದ್ರೆ ಬಿತ್ತು. ಹಾಗಾಗಿ ಏನೂ ವಿಶೇಷವಿಲ್ಲದ ನಾಲ್ಕು ಸಾಲಿನ ಪ್ರೋಗ್ರಾಮು ಕೂಡ ಆ ಗಡಿಯ ಆಚೆ ಕಂಪೈಲ್ ಆದರೆ ಈಚೆ ಓಡುವುದಿಲ್ಲ.

ಪರಿಹಾರ ಸರಳ. ನಿಮ್ಮ ಹಾಳೆಯಲ್ಲಿರುವ ಅತ್ಯಂತ ಹಳೆಯ ಲಿನಕ್ಸಿನೊಳಗೆ ಕಂಪೈಲ್ ಮಾಡಿ. ಅದಕ್ಕೆ ಹಳೆಯ ಕಂಪ್ಯೂಟರ್ ಹುಡುಕಬೇಕಾಗಿಲ್ಲ. ಡೆಬಿಯನ್ 11ರ ಕಂಟೇನರ್ (ಯಂತ್ರದೊಳಗೇ ಬೇರ್ಪಡಿಸಿದ ಪುಟ್ಟ ಲಿನಕ್ಸ್ ಪರಿಸರ) ಒಂದನ್ನು ಇಟ್ಟುಕೊಂಡು ಪ್ರತಿ ಬಿಡುಗಡೆಯನ್ನೂ ಅದರೊಳಗೇ ಕಟ್ಟಿದರಾಯಿತು. ಗೋ ಭಾಷೆಯಲ್ಲಿ ಸಿ ಲೈಬ್ರರಿಯ ಕೊಂಡಿಯನ್ನು ಬಿಟ್ಟು ಕಟ್ಟಿದರೆ, ಅಥವಾ ಗ್ಲಿಬ್‌ಸಿಯ ಬದಲು ಮಸಲ್ ಎಂಬ ಸಿ ಲೈಬ್ರರಿ ಬಳಸಿ ಎಲ್ಲವನ್ನೂ ಒಳಗೇ ಸೇರಿಸಿ ಕಟ್ಟಿದರೆ, ಈ ತಲೆನೋವೇ ಇರುವುದಿಲ್ಲ. ಒಂದೇ ಕಡತ, ಅದೇ ಜಾತಿಯ ಪ್ರೊಸೆಸರ್ ಇರುವ ಯಾವ ಲಿನಕ್ಸಿನಲ್ಲಿ ಇಟ್ಟರೂ ಓಡುತ್ತದೆ.

ಪೈಗಳಿಗೆ ಇನ್ನೊಂದು ಬಲೆ ಇದೆ. ಹಳೆಯ ಪೈ ಮತ್ತು ಮೊದಲ ಪೈ ಝೀರೋದಲ್ಲಿರುವುದು ಎಆರ್‌ಎಂ 6ನೇ ಪೀಳಿಗೆಯ ಪ್ರೊಸೆಸರ್. ಡೆಬಿಯನ್ ‘ಎಆರ್‌ಎಂಎಚ್‌ಎಫ್’ ಎಂದು ಕರೆಯುವುದು 7ನೇ ಪೀಳಿಗೆಯನ್ನು. 32 ಬಿಟ್‌ನ ರಾಸ್ಪ್‌ಬೆರಿ ಪೈ ಓಎಸ್ ಅದೇ ಹೆಸರನ್ನು 6ಕ್ಕೆ ಬಳಸುತ್ತದೆ. ಹೆಸರು ಒಂದೇ ಆದ್ದರಿಂದ ಪ್ಯಾಕೇಜು ಸಲೀಸಾಗಿ ಒಳಗೆ ಕೂರುತ್ತದೆ, ಓಡಿಸಿದಾಗ ‘ಕಾನೂನುಬಾಹಿರ ಸೂಚನೆ’ ಎಂದು ಸಾಯುತ್ತದೆ.

ಟಾರ್ ಕಡತ ಮತ್ತು ‘ಮೇಕ್ ಇನ್‌ಸ್ಟಾಲ್’

ಕಟ್ಟು ಬಿಚ್ಚಿ, ಒಂದು ಆದೇಶದಿಂದ ಕಡತಗಳನ್ನು ನೇರ ಯಂತ್ರಕ್ಕೆ ನಕಲು ಮಾಡುವ ವಿಧಾನ ಇದು, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಕಿದ ಕಡತಗಳು ಎಲ್ಲೆಲ್ಲಿ ಹೋದವು ಎಂಬ ದಾಖಲೆ ಯಂತ್ರದಲ್ಲಿ ಉಳಿಯುವುದಿಲ್ಲ. ತೆಗೆಯುವುದಕ್ಕೆ ನಂಬಿಕಸ್ಥ ದಾರಿಯಿಲ್ಲ. ಮೇಲೆ ಹೇಳಿದಂಥ ಒಂದೇ ಕಡತದ ಪ್ರೋಗ್ರಾಮು, ಬಳಸುವವರು ನೀವು ಮತ್ತು ಇನ್ನಿಬ್ಬರು, ಇಷ್ಟೇ ಇದ್ದರೆ ಟಾರ್ ಸಾಕು. ನಾಲ್ಕನೆಯ ಯಂತ್ರ ಬಂದ ದಿನ ಇದನ್ನು ಬಿಟ್ಟುಬಿಡಿ.

ಡೆಬ್ ಪ್ಯಾಕೇಜು: ನಾನು ನೆಲೆ ನಿಂತ ಜಾಗ

ಡೆಬ್ ಎಂದರೆ ಡೆಬಿಯನ್ ಮನೆತನದ ಪ್ಯಾಕೇಜು. ಅದರ ಕಡತವನ್ನು ಒಮ್ಮೆ ಬಿಚ್ಚಿ ನೋಡಿ, ಹೆದರಿಕೆ ಹೋಗುತ್ತದೆ. ಅದು ‘ಎಆರ್’ ಎಂಬ ಹಳೆಯ ಕಟ್ಟು. ಒಳಗೆ ಮೂರೇ ವಸ್ತು. ಮೊದಲನೆಯದು 2.0 ಎಂದು ಬರೆದ ಪುಟ್ಟ ಕಡತ. ಎರಡನೆಯದು ಪ್ಯಾಕೇಜಿನ ಹೆಸರು, ಆವೃತ್ತಿ, ಅವಲಂಬನೆ, ಸ್ಕ್ರಿಪ್ಟುಗಳಿರುವ ನಿಯಂತ್ರಣ ಟಾರ್. ಮೂರನೆಯದು ಯಂತ್ರಕ್ಕೆ ಹೋಗಿ ಕೂರುವ ನಿಜವಾದ ಕಡತಗಳ ಟಾರ್. ನಿಯಂತ್ರಣ ಕಡತದಲ್ಲಿ ಐದಾರು ಸಾಲು ಬರೆದರೆ ಪ್ಯಾಕೇಜು ಸಿದ್ಧ.

ಇದರ ನಿಜವಾದ ಬಲ ಗೊತ್ತಾಗುವುದು ಸಣ್ಣ ಸಣ್ಣ ಜಾಗಗಳಲ್ಲಿ. ಒಂದು ತೋಟದ ಲ್ಯಾಪ್‌ಟಾಪಿನಲ್ಲಿ ನಮ್ಮ ತೂಕದ ಚೀಟಿ ತೆರೆದರೆ ಅಕ್ಷರಗಳ ಬದಲು ಖಾಲಿ ಚೌಕಗಳು. ‘ಪಾರ್ಚ್‌ಮೆಂಟ್’ ಇರಬೇಕಾದಲ್ಲಿ ಸಾಲಾಗಿ ಪೆಟ್ಟಿಗೆಗಳು. ಕನ್ನಡ ಫಾಂಟೇ ಅಲ್ಲಿರಲಿಲ್ಲ. ಡೆಬ್‌ನ ಅವಲಂಬನೆಯ ಸಾಲಿನಲ್ಲಿ ಗುಬ್ಬಿ ಫಾಂಟ್ ಅಥವಾ ನೋಟೋ ಫಾಂಟ್, ಎರಡರಲ್ಲಿ ಒಂದು ಇರಲೇಬೇಕು ಎಂದು ಬರೆದೆ. ಅಂದಿನಿಂದ ಆ ದೂರು ಬಂದಿಲ್ಲ. ಇನ್ನೊಂದು ತೂಕದ ಯಂತ್ರದ್ದು. ಅದು ಯುಎಸ್‌ಬಿ ಸೀರಿಯಲ್ ತಂತಿಯಲ್ಲಿ ಬರುತ್ತದೆ. ಅದನ್ನು ಓದುವ ಅನುಮತಿ ಸಾಮಾನ್ಯ ಬಳಕೆದಾರನಿಗೆ ಇರುವುದಿಲ್ಲ. ಡೆಬ್‌ನೊಳಗೆ ಒಂದು ಯುಡೆವ್ (ಜೋಡಿಸಿದ ಸಾಧನಗಳನ್ನು ನೋಡಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ನಿಯಮದ ಕಡತ ಇಟ್ಟರೆ, ತಂತಿ ಚುಚ್ಚಿದ ಕೂಡಲೇ ಅನುಮತಿ ಸಿಗುತ್ತದೆ, ಸಾಧನಕ್ಕೆ ಒಂದು ಖಾಯಂ ಹೆಸರೂ ಸಿಗುತ್ತದೆ. ಹಿನ್ನೆಲೆ ಸೇವೆಗಳನ್ನು ಓಡಿಸುವ ಸಿಸ್ಟಮ್‌ಡಿಗೆ ಬೇಕಾದ ಸೇವೆಯ ಕಡತವೂ ಹಾಗೆಯೇ ಒಳಗೇ ಹೋಗುತ್ತದೆ. ಕರೆಂಟು ಹೋಗಿ ಬಂದರೆ ಸೇವೆ ತಾನಾಗಿ ಏಳುತ್ತದೆ.

ಇಟಿಸಿ (/etc) ಫೋಲ್ಡರಿನ ಕೆಳಗಿನ ಕಡತಗಳನ್ನು ಸಂರಚನಾ ಕಡತಗಳೆಂದು ಗುರುತಿಸಿದರೆ, ರೈಟರು ಅಲ್ಲಿ ತೋಟದ ಹೆಸರೋ ಕೂಲಿಯ ದರವೋ ಬದಲಿಸಿದ್ದರೆ ಹೊಸ ಆವೃತ್ತಿ ಅದನ್ನು ತುಳಿಯುವುದಿಲ್ಲ. ನೀವೂ ಅದೇ ಕಡತವನ್ನು ಬದಲಿಸಿದ್ದರೆ ಯಾವುದು ಬೇಕೆಂದು ಕೇಳುತ್ತದೆ. ಆ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದು ರೈಟರು ಗಾಬರಿಯಾದದ್ದನ್ನು ನೋಡಿದ್ದೇನೆ. ಆದ್ದರಿಂದ ಈಗ ಮೂಲ ಸಂರಚನೆಯನ್ನು ಯುಎಸ್‌ಆರ್ (/usr) ಫೋಲ್ಡರಿನ ಕೆಳಗೆ ಇಡುತ್ತೇನೆ, ತೋಟದವರು ಬದಲಿಸುವುದನ್ನು ಮಾತ್ರ ಇಟಿಸಿಯಲ್ಲಿ ಬೇರೆ ಪುಟ್ಟ ಕಡತದಲ್ಲಿ ಇಡುತ್ತೇನೆ. ಪ್ಯಾಕೇಜು ಆ ಕಡತವನ್ನು ಮುಟ್ಟುವುದೇ ಇಲ್ಲ.

ಆವೃತ್ತಿಯ ಸಂಖ್ಯೆ ಬರೆಯುವಾಗ ಎಚ್ಚರ. ಡೆಬ್‌ಗಳನ್ನು ಯಂತ್ರಕ್ಕೆ ಹಾಕುವ ಉಪಕರಣವಾದ ಡಿಪಿಕೆಜಿ ಅಂಕಿಗಳನ್ನು ಅಂಕಿಗಳಾಗಿಯೇ ಹೋಲಿಸುವುದರಿಂದ 1.10 ಎಂಬುದು 1.9ಕ್ಕಿಂತ ದೊಡ್ಡದು, ಅದು ಸರಿ. ಪರೀಕ್ಷೆಯ ಆವೃತ್ತಿಗೆ ಮಾತ್ರ ಅಲೆಗೆರೆ ಹಾಕಿ: ‘1.4~ಪರೀಕ್ಷೆ1’ ರೀತಿ, ಲ್ಯಾಟಿನ್ ಅಕ್ಷರದಲ್ಲಿ. ಅಲೆಗೆರೆ ಇದ್ದದ್ದು ಬರಿಯ 1.4ಕ್ಕಿಂತ ಹಿಂದೆ ನಿಲ್ಲುತ್ತದೆ. ಅದರ ಬದಲು ಅಡ್ಡಗೆರೆ ಅಥವಾ ಚುಕ್ಕಿ ಹಾಕಿದರೆ ಪರೀಕ್ಷೆಯದೇ ದೊಡ್ಡದೆಂದು ಯಂತ್ರ ತಿಳಿಯುತ್ತದೆ. ನಿಜವಾದ 1.4 ಬಂದಾಗ ತೆಗೆದುಕೊಳ್ಳುವುದಿಲ್ಲ.

ಕಟ್ಟುವ ಉಪಕರಣ ಯಾವುದು? ಡೆಬಿಯನ್‌ನ ಅಧಿಕೃತ ದಾರಿ ಡೆಬ್‌ಹೆಲ್ಪರ್. ನಿಮ್ಮ ಪ್ಯಾಕೇಜು ಮುಂದೊಂದು ದಿನ ಡೆಬಿಯನ್ ಸೇರಬೇಕೆಂಬ ಆಸೆ ಇದ್ದರೆ ಅದನ್ನೇ ಕಲಿಯಿರಿ, ಕಲಿತದ್ದು ವ್ಯರ್ಥವಾಗುವುದಿಲ್ಲ. ಇಲ್ಲವಾದರೆ ಎನ್‌ಎಫ್‌ಪಿಎಂ ಸಾಕು. ಒಂದು ಯಾಮಲ್ ಕಡತ ಬರೆದರೆ ಅದರಿಂದಲೇ ಡೆಬ್, ಫೆಡೋರಾದಂಥ ಲಿನಕ್ಸ್‌ಗಳು ಬಳಸುವ ಆರ್‌ಪಿಎಂ ಎರಡೂ ಬರುತ್ತವೆ. ರೂಬಿಯಲ್ಲಿ ಬರೆದ ಎಫ್‌ಪಿಎಂ ಇದಕ್ಕಿಂತ ಹಳೆಯದು. ಸಿದ್ಧ ಫೋಲ್ಡರನ್ನೋ ಪೈಥಾನ್ ಪ್ಯಾಕೇಜನ್ನೋ ಡೆಬ್ ಆಗಿಸಲು ಈಗಲೂ ಒಳ್ಳೆಯದು. ಚೆಕ್‌ಇನ್‌ಸ್ಟಾಲ್ ನಿಮ್ಮ ಒಂದು ಯಂತ್ರಕ್ಕೆ ಸರಿ, ಹಂಚಲು ಬೇಡ. ಡಿಪಿಕೆಜಿ-ಡೆಬ್‌ನಿಂದ ಕೈಯಾರೆ ಕಟ್ಟುವುದಾದರೆ ಕಡತಗಳ ಒಡೆತನ ರೂಟ್‌ಗೆ, ಅಂದರೆ ಅಡ್ಮಿನ್‌ಗೆ, ಇರುವ ಆಯ್ಕೆಯನ್ನು ಮರೆಯಬೇಡಿ. ಮರೆತರೆ ಕಟ್ಟಿದ ಲ್ಯಾಪ್‌ಟಾಪಿನ ಬಳಕೆದಾರನ ಸಂಖ್ಯೆಯೇ ಎಲ್ಲ ತೋಟಗಳಿಗೂ ಹೋಗುತ್ತದೆ.

ಕುಗ್ಗಿಸುವ ವಿಧಾನದಲ್ಲೂ ಒಂದು ಗುಂಡಿ ಇದೆ. ಉಬುಂಟು 21.10ರಿಂದ ಡೆಬ್‌ಗಳನ್ನು ಝಡ್‌ಸ್ಟ್ಯಾಂಡರ್ಡ್ ವಿಧಾನದಲ್ಲಿ ಕುಗ್ಗಿಸುತ್ತದೆ. ಡೆಬಿಯನ್ 11ರ ಡಿಪಿಕೆಜಿಗೆ ಅದನ್ನು ಬಿಚ್ಚಲು ಬರುವುದಿಲ್ಲ, ‘ಗೊತ್ತಿಲ್ಲದ ಕುಗ್ಗಿಸುವಿಕೆ’ ಎಂದು ನಿಲ್ಲುತ್ತದೆ. ಕಟ್ಟುವಾಗ ಎಕ್ಸ್‌ಝಡ್ ಎಂದು ಸ್ಪಷ್ಟವಾಗಿ ಹೇಳಿ. ಹಳೆಯ ಡೆಬಿಯನ್ ಕಂಟೇನರಿನಲ್ಲೇ ಕಟ್ಟುವವರಿಗೆ ಇದೂ ತಾನಾಗಿ ಸರಿಹೋಗುತ್ತದೆ.

ಸ್ವಂತ ಆಪ್ಟ್ ಭಂಡಾರ

ಡೆಬ್ ಕಟ್ಟಿ ವಾಟ್ಸಾಪಿನಲ್ಲಿ ಕಳಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧ ಭಂಡಾರ. ಆಪ್ಟ್ ಎಂಬುದು ಡೆಬ್‌ಗಳನ್ನು ಹುಡುಕಿ ಇಳಿಸಿ ಹಾಕುವ ಉಪಕರಣ, ಅದರ ಭಂಡಾರ ಎಂದರೆ ಬರಿಯ ಕಡತಗಳ ಮರ. ಒಂದು ಕೊಂಬೆಯಲ್ಲಿ ಪ್ಯಾಕೇಜುಗಳು, ಇನ್ನೊಂದರಲ್ಲಿ ಅವುಗಳ ಪಟ್ಟಿ ಮತ್ತು ಅದು ಅಸಲಿಯೆಂದು ತೋರಿಸುವ ಜಿಪಿಜಿ ಸಹಿ. ಸರ್ವರಿನಲ್ಲಿ ವಿಶೇಷ ಪ್ರೋಗ್ರಾಮು ಯಾವುದೂ ಓಡಬೇಕಾಗಿಲ್ಲ, ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ಸಾಕು. ಅದಕ್ಕಿಂತ ಮುಖ್ಯವಾಗಿ, ಅದೇ ಮರವನ್ನು ಹಾಗೆಯೇ ಪೆನ್‌ಡ್ರೈವಿಗೆ ನಕಲು ಮಾಡಿ, ವಿಳಾಸದ ಜಾಗದಲ್ಲಿ ಪೆನ್‌ಡ್ರೈವಿನ ದಾರಿ ಬರೆದರೆ ಆಪ್ಟ್ ಅಲ್ಲಿಂದಲೂ ಅಷ್ಟೇ ವಿಶ್ವಾಸದಿಂದ ಓದುತ್ತದೆ. ಸಹಿ ಅದೇ, ಪರಿಶೀಲನೆ ಅದೇ. ಮಳೆಗಾಲದ ಕೊಡಗಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ನನಗೆ ಕಂಡಿಲ್ಲ. ನೆಟ್ ಇದ್ದ ತೋಟ ನೆಟ್‌ನಿಂದ ತೆಗೆದುಕೊಳ್ಳುತ್ತದೆ, ಇಲ್ಲದ ತೋಟಕ್ಕೆ ಮಡಿಕೇರಿ ಸಂತೆಗೆ ಬಂದವರ ಕೈಯಲ್ಲಿ ಪೆನ್‌ಡ್ರೈವ್ ಹೋಗುತ್ತದೆ. ನೆಟ್ ನಡುವೆ ಕಡಿದುಹೋದರೂ ಆಪ್ಟ್ ಅರ್ಧ ಇಳಿದ ಕಡತವನ್ನು ಇಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಮುಂದುವರಿಸುತ್ತದೆ.

ಭಂಡಾರ ಕಟ್ಟಲು ಎರಡು ಉಪಕರಣಗಳನ್ನು ಹೋಲಿಸಿದೆ. ರೆಪ್ರೆಪ್ರೋ ಹಗುರ, ಕಲಿಯುವುದು ಬೇಗ. ಆದರೆ ಸಹಜವಾಗಿ ಅದು ಒಂದು ಪ್ಯಾಕೇಜಿನ ಹೊಸ ಆವೃತ್ತಿ ಬಂದಾಗ ಹಳೆಯದನ್ನು ತೆಗೆದುಹಾಕುತ್ತದೆ. ಆಪ್ಟ್‌ಲಿ ಸ್ವಲ್ಪ ಭಾರ, ಆದರೆ ಪ್ರತಿ ಪ್ರಕಟಣೆಯ ಮೊದಲು ಒಂದು ಸ್ನ್ಯಾಪ್‌ಶಾಟ್ ಹಿಡಿದಿಡಬಹುದು, ಬೇಡವಾದರೆ ಹಿಂದಿನದಕ್ಕೆ ತಿರುಗಿಸಬಹುದು. ಹಿಂದಕ್ಕೆ ಮರಳುವ ದಾರಿ ನನಗೆ ಮುಖ್ಯವಾದ್ದರಿಂದ ಆಪ್ಟ್‌ಲಿ ಆರಿಸಿದೆ. ಭಂಡಾರದಲ್ಲಿ ಹಳೆಯ ಆವೃತ್ತಿ ಉಳಿದಿದ್ದರೆ ತೋಟದ ಯಂತ್ರದಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಸಮಚಿಹ್ನೆ, ಆವೃತ್ತಿ ಸಂಖ್ಯೆ ಬರೆದರೆ ಸಾಕು, ಹಳೆಯದು ವಾಪಸು ಬರುತ್ತದೆ. ದತ್ತಾಂಶದ ವಿನ್ಯಾಸ ಮಾತ್ರ ಹಾಗೆ ತಾನಾಗಿ ವಾಪಸು ಬರುವುದಿಲ್ಲ. ಆದ್ದರಿಂದ ಹೊಸ ಆವೃತ್ತಿ ಮೊದಲ ಸಲ ಎದ್ದಾಗ ಲೆಕ್ಕವೆಲ್ಲ ಇರುವ ಎಸ್‌ಕ್ಯೂಲೈಟ್ ದತ್ತಾಂಶ ಕಡತದ ಒಂದು ನಕಲು ಮಾಡಿ, ಆಮೇಲೆಯೇ ವಿನ್ಯಾಸ ಬದಲಿಸುವಂತೆ ಪ್ರೋಗ್ರಾಮಿನಲ್ಲೇ ಬರೆದಿದ್ದೇನೆ. ಇದನ್ನು ಪ್ಯಾಕೇಜಿನ ಸ್ಕ್ರಿಪ್ಟಿಗೆ ಬಿಡಬೇಡಿ. ಆ ಸ್ಕ್ರಿಪ್ಟು ನಡುವೆ ಸೋತರೆ ಪ್ಯಾಕೇಜು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಅದು ಸರಿಹೋಗುವವರೆಗೆ ಆಪ್ಟ್ ಪ್ರತಿ ಸಲವೂ ದೂರುತ್ತದೆ.

ಕೋಡ್ ಇಟ್ಟುಕೊಳ್ಳಲು ಈಗಾಗಲೇ ಗಿಟೀ ಅಥವಾ ಫೋರ್ಜೆಜೋ ಸರ್ವರ್ ಓಡಿಸುತ್ತಿದ್ದರೆ ಅವುಗಳಲ್ಲೇ ಡೆಬ್, ಆರ್‌ಪಿಎಂ, ಕಂಟೇನರ್ ಭಂಡಾರಗಳಿವೆ, ಸಹಿಯನ್ನೂ ಅವೇ ಹಾಕುತ್ತವೆ. ಇಬ್ಬರು ಮೂವರು ಸೇರಿ ಬರೆಯುವ ತಂಡಕ್ಕೆ ಇದು ಅನುಕೂಲ. ನನಗೆ ಸಹಿಯ ಕೀಲಿ ಸರ್ವರಿನಲ್ಲಿ ಇರುವುದು ಬೇಡವಾಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಸಹಿ ಹಾಕಿ, ಆರ್‌ಸಿಂಕ್ ಉಪಕರಣದಿಂದ ಸರ್ವರಿಗೆ ನಕಲು ಮಾಡುತ್ತೇನೆ. ಸರ್ವರ್ ಯಾರದೋ ಕೈಗೆ ಸಿಕ್ಕಿದರೂ ನನ್ನ ಸಹಿಯ ಪ್ಯಾಕೇಜು ಅವರು ಮಾಡಲಾರರು. ಆರ್‌ಸಿಂಕ್ ಮಾಡುವಾಗ ಮೊದಲು ಪ್ಯಾಕೇಜುಗಳ ಕೊಂಬೆ, ಆಮೇಲೆ ಪಟ್ಟಿಯ ಕೊಂಬೆ. ಅದಲುಬದಲಾದರೆ, ಆ ಕ್ಷಣದಲ್ಲಿ ಕೇಳಿದ ಯಂತ್ರಕ್ಕೆ ಪಟ್ಟಿಯಲ್ಲಿರುವ ಕಡತವೇ ಸಿಗುವುದಿಲ್ಲ.

ಕೀಲಿಯ ವಿಷಯದಲ್ಲಿ ನಾನು ಕಷ್ಟಪಟ್ಟು ಕಲಿತದ್ದೊಂದಿದೆ. ಮೊದಲು ಮಾಡಿದ ಕೀಲಿಗೆ ಎರಡು ವರ್ಷದ ಅವಧಿ ಇಟ್ಟಿದ್ದೆ, ದಿನಾಂಕ ಎಲ್ಲೂ ಬರೆದುಕೊಂಡಿರಲಿಲ್ಲ. ರೊಬಸ್ಟಾ ಕೊಯ್ಲಿನ ನಡುವೆ, ಜನವರಿಯಲ್ಲಿ, ಅದು ಮುಗಿಯಿತು. ಎಲ್ಲ ತೋಟಗಳಲ್ಲೂ ಆಪ್ಟ್ ‘ಕೀಲಿಯ ಅವಧಿ ಮುಗಿದಿದೆ’ ಎಂದು ನಿಂತಿತು. ಅವಧಿಯನ್ನು ಮುಂದೂಡುವುದು ನನ್ನ ಕಡೆ ಒಂದು ಆದೇಶದ ಕೆಲಸ. ಆದರೆ ಮುಂದೂಡಿದ ಸಾರ್ವಜನಿಕ ಕೀಲಿಯ ಹೊಸ ನಕಲು ಪ್ರತಿ ಯಂತ್ರಕ್ಕೂ ಮುಟ್ಟಬೇಕು, ಮುಟ್ಟಿಸುವ ದಾರಿಯೇ ಮುಚ್ಚಿಹೋಗಿತ್ತು. ಮತ್ತೆ ಪೆನ್‌ಡ್ರೈವ್, ಮತ್ತೆ ಓಡಾಟ. ಈಗ ಕೀಲಿಯನ್ನೇ ಒಂದು ಪುಟ್ಟ ಡೆಬ್ ಪ್ಯಾಕೇಜಾಗಿ ಮಾಡಿದ್ದೇನೆ, ಡೆಬಿಯನ್ ತನ್ನ ಕೀಲಿಗಳಿಗೆ ಮಾಡುವುದೂ ಹೀಗೆಯೇ. ಮುಗಿಯುವ ಆರು ತಿಂಗಳ ಮೊದಲೇ ಹೊಸ ನಕಲು ಆ ಪ್ಯಾಕೇಜಿನಲ್ಲಿ ಹೋಗುತ್ತದೆ. ಹಳೆಯ ಬರಹಗಳಲ್ಲಿ ಕಾಣುವ ‘ಆಪ್ಟ್-ಕೀ’ ಆದೇಶವನ್ನು ಬಳಸಬೇಡಿ, ಡೆಬಿಯನ್ 13ರಲ್ಲಿ ಅದು ಇಲ್ಲವೇ ಇಲ್ಲ. ಕೀಲಿಯನ್ನು ಕೀರಿಂಗ್ಸ್ ಫೋಲ್ಡರಿನಲ್ಲಿಟ್ಟು, ಭಂಡಾರದ ವಿಳಾಸದ ಜೊತೆ ‘ಸೈನ್ಡ್-ಬೈ’ ಎಂದು ಅದರ ದಾರಿ ಬರೆಯಿರಿ. ಆಗ ನಿಮ್ಮ ಕೀಲಿ ನಿಮ್ಮ ಭಂಡಾರಕ್ಕೆ ಮಾತ್ರ ಸಲ್ಲುತ್ತದೆ.

ಇನ್ನೊಂದು ನಮ್ಮ ಊರಿನ ಸಮಸ್ಯೆ, ಗಡಿಯಾರದ್ದು. ಪೈ 4 ಮತ್ತು ಅದಕ್ಕಿಂತ ಹಿಂದಿನ ಪೈಗಳಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಮೂರು ದಿನ ಕರೆಂಟು ಹೋಗಿ ಬಂದರೆ, ನೆಟ್ ಸಿಗುವವರೆಗೆ ಅದು ನಿಂತ ದಿನಾಂಕದಲ್ಲೇ ಎದ್ದು ಕೂರುತ್ತದೆ. ನಿನ್ನೆ ಸಹಿ ಹಾಕಿದ ಭಂಡಾರವನ್ನು ಪೆನ್‌ಡ್ರೈವಿನಿಂದ ಕೊಟ್ಟರೆ ‘ಈ ಪಟ್ಟಿ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಆಪ್ಟ್ ನಿರಾಕರಿಸುತ್ತದೆ. ನೋಡಿದವರಿಗೆ ಪ್ಯಾಕೇಜೇ ಕೆಟ್ಟಂತೆ ಕಾಣುತ್ತದೆ. ಮೊದಲು ದಿನಾಂಕ ನೋಡಿ. ಕಣದ ಪೈಗಳಿಗೆಲ್ಲ ಈಗ ಒಂದೊಂದು ಪುಟ್ಟ ಗಡಿಯಾರದ ಬಿಲ್ಲೆ ಜೋಡಿಸಿದ್ದೇನೆ.

ತಾನಾಗಿ ಅಪ್‌ಡೇಟ್ ಆಗಲಿ ಎಂದು ಅನಟೆಂಡೆಡ್-ಅಪ್‌ಗ್ರೇಡ್ಸ್ ನಂಬಿದವರು ಗಮನಿಸಿ: ಅದು ಸಹಜವಾಗಿ ಡೆಬಿಯನ್, ಉಬುಂಟುವಿನಂಥ ವಿತರಣೆಯವರ ಭಂಡಾರವನ್ನು ಮಾತ್ರ ನೋಡುತ್ತದೆ. ನಿಮ್ಮ ಭಂಡಾರದ ‘ಆರಿಜಿನ್’ ಹೆಸರನ್ನು ಅದರ ಪಟ್ಟಿಗೆ ನೀವೇ ಸೇರಿಸಬೇಕು.

ಆರ್‌ಪಿಎಂ

ನಿಮ್ಮ ಯಂತ್ರಗಳು ಫೆಡೋರಾ, ಆಲ್ಮಾ ಅಥವಾ ಓಪನ್‌ಸೂಸೆ ಆಗಿದ್ದರೆ ಮೇಲೆ ಹೇಳಿದ್ದೆಲ್ಲ ಆರ್‌ಪಿಎಂಗೂ ಹೆಚ್ಚುಕಡಿಮೆ ಅನ್ವಯ. ಭಂಡಾರ ಕಟ್ಟಲು ಕ್ರಿಯೇಟ್‌ರೆಪೋ ಎಂಬ ಒಂದೇ ಆದೇಶ. ಡಿಎನ್‌ಎಫ್‌ನಲ್ಲಿ ಹಿಂದಿನ ವಹಿವಾಟನ್ನು ರದ್ದು ಮಾಡುವ ಆದೇಶವೂ ಇದೆ, ಅದು ಆಪ್ಟ್‌ಗಿಂತ ಸೊಗಸು. ಎರಡೂ ಮನೆತನ ಇದ್ದರೆ ಎನ್‌ಎಫ್‌ಪಿಎಂ ನೆನಪಿಡಿ.

ಆಪ್‌ಇಮೇಜ್

ಒಂದೇ ಕಡತ, ಅಡ್ಮಿನ್ ಪಾಸ್‌ವರ್ಡ್ ಬೇಡ, ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಒಬ್ಬ ಬೆಳೆಗಾರರಿಗೆ ಐದು ನಿಮಿಷದಲ್ಲಿ ಸಾಫ್ಟ್‌ವೇರ್ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಈಗಲೂ ಅದಕ್ಕೇ ಬಳಸುತ್ತೇನೆ. ಆದರೆ ದಿನನಿತ್ಯದ ಬಳಕೆಗೆ ಕೊಟ್ಟಾಗ ತೊಡಕುಗಳು ಕಂಡವು. ಉಬುಂಟು 22.04ರಿಂದ ಈಚೆಗೆ ಹಳೆಯ ಫ್ಯೂಸ್ 2 ಲೈಬ್ರರಿ ತಾನಾಗಿ ಬರುವುದಿಲ್ಲ, ಅದನ್ನು ನಂಬಿದ ಆಪ್‌ಇಮೇಜ್‌ಗಳು ಏಳುವುದಿಲ್ಲ. ಬಿಚ್ಚಿ ಓಡಿಸುವ ಆಯ್ಕೆ ಇದೆ, ಆದರೆ ಅದನ್ನು ಫೋನಿನಲ್ಲಿ ಹೇಳಿ ಬರೆಸಬೇಕು. ಫಾಂಟನ್ನು ನೀವೇ ಒಳಗೆ ಹೊತ್ತೊಯ್ಯಬೇಕು. ಯುಡೆವ್ ನಿಯಮ, ಹಿನ್ನೆಲೆ ಸೇವೆ ಯಾವುದೂ ಇಲ್ಲ. ಅಪ್‌ಡೇಟಿಗೆ ಝಡ್‌ಸಿಂಕ್ ಮೂಲಕ ಬದಲಾದ ಭಾಗ ಮಾತ್ರ ಇಳಿಸುವ ವ್ಯವಸ್ಥೆ ಇದೆ, ಚೆನ್ನಾಗಿಯೇ ಇದೆ. ಆದರೆ ಅದನ್ನು ನೀವು ಕಟ್ಟುವಾಗಲೇ ಸೇರಿಸಿರಬೇಕು, ಬಳಸುವವರೂ ನೆನಪಿಟ್ಟು ಓಡಿಸಬೇಕು. ಒಂದು ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಒಂದೇ ಸಾಫ್ಟ್‌ವೇರಿನ ನಾಲ್ಕು ಆಪ್‌ಇಮೇಜ್ ಕಡತಗಳು ಸಾಲಾಗಿ ಕೂತಿದ್ದವು. ರೈಟರು ಒತ್ತುತ್ತಿದ್ದದ್ದು ಮೊದಲನೆಯದನ್ನು, ಅಂದರೆ ಅತಿ ಹಳೆಯದನ್ನು.

ಫ್ಲ್ಯಾಟ್‌ಪ್ಯಾಕ್ ಮತ್ತು ಸ್ನ್ಯಾಪ್

ಯಾವ ಮನೆತನದ ಲಿನಕ್ಸಿಗೂ ಹೊಂದುವ ಪ್ಯಾಕೇಜಾದ ಫ್ಲ್ಯಾಟ್‌ಪ್ಯಾಕನ್ನು ಸ್ವಂತ ಸರ್ವರಿನಿಂದ ಹಂಚಲು ಯಾವ ಅಡ್ಡಿಯೂ ಇಲ್ಲ. ಅದರ ಭಂಡಾರವೂ ಸಹಿ ಹಾಕಿದ ಕಡತಗಳ ಮರವೇ, ಬದಲಾದ ಭಾಗ ಮಾತ್ರ ಇಳಿಯುತ್ತದೆ, ಹಿಂದಿನದಕ್ಕೆ ಮರಳಬಹುದು, ಯುಎಸ್‌ಬಿಗೆ ನಕಲು ಮಾಡಿ ಕೊಡುವ ಆದೇಶವೂ ಇದೆ. ಬೇರೆ ಬೇರೆ ಮನೆತನದ ಲಿನಕ್ಸ್‌ಗಳಿಗೆ ಕಿಟಕಿಯ ಸಾಫ್ಟ್‌ವೇರ್ ಕೊಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಮ್ಮಲ್ಲಿ ಅದು ಸೋತದ್ದು ಎರಡು ಕಡೆ. ಮೊದಲ ಸಲ ರನ್‌ಟೈಮ್ (ಅದು ಓಡಲು ಬೇಕಾದ ಲೈಬ್ರರಿಗಳ ಕಟ್ಟು) ಸೇರಿ ನೂರಾರು ಎಂಬಿ ಇಳಿಯಬೇಕು, ನಮ್ಮ ಡೆಬ್ ನಾಲ್ಕೇ ಎಂಬಿ. ಎರಡನೆಯದು ತೂಕದ ಯಂತ್ರ. ಫ್ಲ್ಯಾಟ್‌ಪ್ಯಾಕ್ ಬೇಲಿಯೊಳಗೆ ಓಡುತ್ತದೆ, ಸೀರಿಯಲ್ ತಂತಿ ಓದಲು ಎಲ್ಲ ಸಾಧನಗಳಿಗೂ ಬಾಗಿಲು ತೆರೆಯಬೇಕಾಯಿತು. ಅಷ್ಟಾದರೂ ಯುಡೆವ್ ನಿಯಮವನ್ನು ಯಂತ್ರಕ್ಕೆ ಹಾಕಲು ಅದಕ್ಕೆ ಸಾಧ್ಯವಿಲ್ಲ, ಅದಕ್ಕೆ ಬೇರೆ ಡೆಬ್ ಬೇಕೇ ಬೇಕು. ಸಾಧನ ಯಾವುದೂ ಇಲ್ಲದ, ಬರಿಯ ಲೆಕ್ಕದ ಸಾಫ್ಟ್‌ವೇರ್ ಆಗಿದ್ದರೆ ನನ್ನ ತೀರ್ಮಾನ ಬೇರೆಯೇ ಆಗುತ್ತಿತ್ತೇನೋ.

ಸ್ನ್ಯಾಪ್‌ನದು ಚಿಕ್ಕ ಮಾತು. ಅದರ ಅಂಗಡಿ ಉಬುಂಟುವಿನ ಕಂಪನಿಯಾದ ಕ್ಯಾನೊನಿಕಲ್ ನಡೆಸುವ ಒಂದೇ ಅಂಗಡಿ, ಆ ಸರ್ವರಿನ ಸಾಫ್ಟ್‌ವೇರ್ ಮುಕ್ತವಾಗಿಲ್ಲ. ಕಡತವನ್ನು ನೇರ ಕೊಟ್ಟು ‘ಡೇಂಜರಸ್’ ಆಯ್ಕೆಯಲ್ಲಿ ಹಾಕಬಹುದು, ಆದರೆ ಆಗ ತಾನಾಗಿ ಅಪ್‌ಡೇಟ್ ಬರುವುದಿಲ್ಲ. ಸ್ವಂತ ಸರ್ವರಿನಿಂದಲೇ ಹಂಚಬೇಕೆಂದು ಹೊರಟವರಿಗೆ ಇದು ದಾರಿಯಲ್ಲ.

ಕಂಟೇನರ್

ಮಡಿಕೇರಿಯ ಸರ್ವರಿನಲ್ಲಿ ಎಲ್ಲ ತೋಟಗಳ ಲೆಕ್ಕ ಒಟ್ಟುಗೂಡುವ ಭಾಗವನ್ನು ನಾನು ಡಾಕರ್ ಕಂಟೇನರ್ ಆಗಿಯೇ ಇಟ್ಟಿದ್ದೇನೆ. ಅಲ್ಲಿ ಅದು ಸರಿಯಾದ ಆಯ್ಕೆ. ಪೋಸ್ಟ್‌ಗ್ರೆಸ್, ವೆಬ್ ಭಾಗ, ವರದಿಯ ಭಾಗ ಎಲ್ಲ ಒಂದು ಕಂಪೋಸ್ ಕಡತದಲ್ಲಿ ಬರೆದಿದೆ. ಹಳೆಯದಕ್ಕೆ ಮರಳುವುದೆಂದರೆ ಟ್ಯಾಗ್, ಅಂದರೆ ಆವೃತ್ತಿಯ ಗುರುತು, ಬದಲಿಸುವುದು. ‘ಲೇಟೆಸ್ಟ್’ ಎಂಬ ಟ್ಯಾಗನ್ನು ಮಾತ್ರ ಎಂದೂ ಬಳಸಬೇಡಿ, ಹಿಂದಿನದು ಯಾವುದಿತ್ತು ಎಂದು ಹೇಳಲು ಆಮೇಲೆ ಯಾರಿಂದಲೂ ಆಗುವುದಿಲ್ಲ. ಕಂಟೇನರುಗಳ ಭಂಡಾರವಾದ ರಿಜಿಸ್ಟ್ರಿಯನ್ನು ಸ್ವಂತವಾಗಿ ನಡೆಸುವುದು ಸುಲಭ, ನೆಟ್ ಇಲ್ಲದ ಕಡೆಗೆ ಇಮೇಜನ್ನು (ಕಂಟೇನರ್ ಏಳುವ ಮೂಲ ಕಟ್ಟು) ಟಾರ್ ಆಗಿ ಉಳಿಸಿ ಒಯ್ಯಬಹುದು.

ಕಣದ ಪೈಗಳಿಗೆ ಮಾತ್ರ ಇದನ್ನು ಹಾಕಿ ತೆಗೆದೆ. ಹಳೆಯ ಇಮೇಜುಗಳು ತುಂಬಿ 16 ಜಿಬಿಯ ಎಸ್‌ಡಿ ಕಾರ್ಡು ಭರ್ತಿಯಾಯಿತು. ಅದೂ ಕೊಯ್ಲಿನ ಸಮಯದಲ್ಲಿ, ಸಂಜೆ ಚೀಲಗಳು ಸಾಲುಗಟ್ಟಿ ತೂಕಕ್ಕೆ ಕಾದಿದ್ದಾಗ. ಅಂದು ತೂಕವೆಲ್ಲ ಕೈಬರಹದಲ್ಲಿ ನಡೆಯಿತು.

ಯಾರಿಗೆ ಯಾವುದು

ನಿಮ್ಮ ಯಂತ್ರಗಳೆಲ್ಲ ಡೆಬಿಯನ್ ಮನೆತನದವು, ಒಂದೆರಡು ಸಾಧನ ಜೋಡಿಸಿದೆ, ನೆಟ್ ಬಂದು ಹೋಗುತ್ತದೆ ಎಂದಾದರೆ ಡೆಬ್ ಮತ್ತು ಸಹಿ ಹಾಕಿದ ಆಪ್ಟ್ ಭಂಡಾರ. ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮನೆತನಗಳು ಬೆರೆತಿವೆ, ಸಾಧನವಿಲ್ಲ, ನೆಟ್ ಚೆನ್ನಾಗಿದೆ, ಕುಶಾಲನಗರದಂಥ ಪೇಟೆಯ ಕಚೇರಿಗಳು ಎಂದಾದರೆ ಫ್ಲ್ಯಾಟ್‌ಪ್ಯಾಕ್. ನೀವೇ ನೋಡಿಕೊಳ್ಳುವ ಸರ್ವರಿಗೆ ಕಂಟೇನರ್. ತೋರಿಸಿ ಬರುವುದಕ್ಕೆ ಆಪ್‌ಇಮೇಜ್. ಎರಡು ವಿಧಾನಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಒಂದೇ ಯಂತ್ರಕ್ಕೆ ಎರಡನ್ನು ಕೊಡಬೇಡಿ.

ಆರಿಸಿದ ಮೇಲೆ, ಹಂಚುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಹಳೆಯ ಯಂತ್ರದಲ್ಲಿ ಮೊದಲ ಆವೃತ್ತಿ ಹಾಕಿ, ಹತ್ತು ದಿನದ ನಿಜವಾದ ಲೆಕ್ಕ ತುಂಬಿಸಿ. ಬೇಕೆಂದೇ ಕೆಟ್ಟ ಎರಡನೆಯ ಆವೃತ್ತಿಯೊಂದನ್ನು ಭಂಡಾರದ ಮೂಲಕ ಕಳಿಸಿ. ಅಪ್‌ಡೇಟ್ ನಡೆಯುವಾಗ ಪ್ಲಗ್ ಕಿತ್ತುಬಿಡಿ. ಮತ್ತೆ ಎದ್ದ ಮೇಲೆ, ಕಂಪ್ಯೂಟರ್ ಅಷ್ಟಾಗಿ ಬಾರದ ಒಬ್ಬರನ್ನು ಕೂರಿಸಿ, ನೀವು ಪಕ್ಕದ ಕೋಣೆಯಿಂದ ಫೋನಿನಲ್ಲಿ ಮಾತ್ರ ಹೇಳುತ್ತಾ ಹಳೆಯದಕ್ಕೆ ಮರಳಿಸಿ. ನಾನು ಇದನ್ನು ನಮ್ಮ ತೋಟದ ರೈಟರ ಜೊತೆ ಮಾಡಿದೆ. ಡೆಬ್‌ನಲ್ಲಿ ಅವರು ಎರಡು ಸಾಲು ಟೈಪ್ ಮಾಡಬೇಕಾಯಿತು. ಮೊದಲ ಸಾಲು ಅರ್ಧ ಮುಗಿದ ಕೆಲಸವನ್ನು ಪೂರೈಸುವ ಡಿಪಿಕೆಜಿ ಆದೇಶ, ಎರಡನೆಯದು ಹಳೆಯ ಆವೃತ್ತಿ ಕೇಳುವ ಆಪ್ಟ್ ಆದೇಶ. ಆ ಎರಡು ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಮಳೆಪುಸ್ತಕದ ರಟ್ಟಿನ ಒಳಗೆ ಅವರೇ ಅಂಟಿಸಿದ್ದಾರೆ.